ಓದುವಾಗ ಬಿಟ್ಟುಹೋದ ವೀಣೆ ಮತ್ತೆ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಓದುವಾಗ ವೀಣೆ ಕಲಿಯುತ್ತಿದ್ದೆ. ಜೂನಿಯರ್ ಸಂಗೀತ ಪರೀಕ್ಷೆ ಮುಗಿದು ಸೀನಿಯರ್ ಪಾಠ ನಡೆಯುತ್ತಿತ್ತು, ಅಷ್ಟರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು, ಹಾಸ್ಟೆಲ್‌ಗೆ ವೀಣೆ ಒಯ್ಯುವುದು ಆಗಲಿಲ್ಲ, ಆಮೇಲೆ ಕೆಲಸ, ಮದುವೆ, ಮಕ್ಕಳು. ಈಗ ನನಗೆ ನಲವತ್ತಾರು. ಹೋದ ತಿಂಗಳು ಅಮ್ಮನ ಮನೆಯಿಂದ ವೀಣೆಯನ್ನು ಬೆಂಗಳೂರಿಗೆ ತಂದೆ.

ತಂತಿಗಳು ತುಕ್ಕು ಹಿಡಿದಿವೆ. ಮೇಣ ಬಿರುಕು ಬಿಟ್ಟಿದೆ, ಕೆಲವು ಮೆಟ್ಟು (ತಂತಿಯ ಕೆಳಗಿನ ಅಡ್ಡಪಟ್ಟಿ) ಅಲುಗಾಡುತ್ತವೆ. ಶ್ರುತಿ ಮಾಡಿ ಮೀಟಿದರೆ ಮಂದ್ರದಲ್ಲಿ (ಕೆಳಗಿನ ಸ್ವರಗಳಲ್ಲಿ) ಪರವಾಗಿಲ್ಲ ಅನ್ನಿಸುತ್ತದೆ, ತಾರಕ್ಕೆ (ಮೇಲಿನ ಸ್ವರಗಳಿಗೆ) ಹೋದ ಕೂಡಲೇ ಅಪಸ್ವರ. ಇದನ್ನೇ ಸರಿ ಮಾಡಿಸಲೇ, ಹೊಸದು ಕೊಳ್ಳಲೇ?

ಇನ್ನೊಂದು ವಿಷಯ. ಮೋಹನ ರಾಗದ ವರ್ಣವನ್ನು (ಅಭ್ಯಾಸಕ್ಕೆ ಕಲಿಸುವ ರಚನೆ) ಬಾಯಲ್ಲಿ ಈಗಲೂ ಪೂರ್ತಿ ಹೇಳುತ್ತೇನೆ, ಅದರಲ್ಲಿನ ಸ್ವರಗಳ ಸಾಲಾದ ಚಿಟ್ಟೆಸ್ವರ ಸಮೇತ. ಕೈಗೆ ಮಾತ್ರ ಬರುತ್ತಿಲ್ಲ. ಒಂದು ಶಾಲೆಯಲ್ಲಿ ವಿಚಾರಿಸಿದರೆ ಮಕ್ಕಳ ಬ್ಯಾಚಿನಲ್ಲಿ ಕೂತು ಸರಳೆಯಿಂದ, ಅಂದರೆ ಮೊಟ್ಟಮೊದಲ ಸ್ವರಪಾಠದಿಂದ, ಶುರು ಮಾಡಿ ಅಂದರು. ಆನ್‌ಲೈನ್ ಟೀಚರ್ ಒಬ್ಬರು ಸರಳೆ ಬೇಡವೇ ಬೇಡ, ನೇರ ಕೃತಿ ಹೇಳಿಕೊಡುತ್ತೇನೆ ಅಂದರು. ಯಾರ ಮಾತು ಕೇಳಲಿ? ನೆಲದ ಮೇಲೆ ಜಾಸ್ತಿ ಹೊತ್ತು ಕೂತರೆ ಎಡ ಮಂಡಿ ನೋಯುತ್ತದೆ, ಅದಕ್ಕೂ ಏನಾದರೂ ದಾರಿ ಇದ್ದರೆ ಹೇಳಿ.

ಬಸವನಗುಡಿಯವ

ಹೊಸದು ಕೊಳ್ಳುವ ಮಾತು ಈಗಲೇ ಬೇಡ. ನೀವು ಹೇಳಿದ್ದರಲ್ಲಿ ಮರದ ತೊಂದರೆ ಯಾವುದೂ ಇಲ್ಲ, ಎಲ್ಲ ಮೇಳದ್ದು, ಅಂದರೆ ಮೇಣದ ಮೇಲೆ ಮೆಟ್ಟು ಕೂರಿಸಿರುವುದರದ್ದು. ಮೊದಲು ದಂಡಿ (ಉದ್ದನೆಯ ಭಾಗ) ಮತ್ತು ಕೊಡ (ದುಂಡನೆಯ ಭಾಗ) ಸೇರುವ ಜಾಗ ನೋಡಿ, ಅಲ್ಲಿ ಸಂದು ಬಿಟ್ಟಿದೆಯಾ, ದಂಡಿ ಬಾಗಿದೆಯಾ ಅಂತ. ಎರಡೂ ಇಲ್ಲದಿದ್ದರೆ ವೀಣೆ ಚೆನ್ನಾಗಿದೆ ಅಂತಲೇ ಲೆಕ್ಕ.

ವೀಣೆಯ 24 ಮೆಟ್ಟುಗಳು ನಿಂತಿರುವುದು ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ ಮಾಡಿದ ಮೇಣದ ಮೇಲೆ. ಬಿಸಿಗೆ ಅದು ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಒಣಗಿ ಬಿರಿಯುತ್ತದೆ, ಮೆಟ್ಟು ಕೂದಲೆಳೆಯಷ್ಟು ಜರುಗಿದರೂ ಸ್ವರ ಕೆಡುತ್ತದೆ. ತಾರಸ್ಥಾಯಿಯಲ್ಲಿ ಮೆಟ್ಟುಗಳು ಹತ್ತಿರ ಹತ್ತಿರ ಇರುವುದರಿಂದ ಅಲ್ಲೇ ಮೊದಲು ಗೊತ್ತಾಗುವುದು. ದಿನಾ ನುಡಿಸುವವರೂ ಕೆಲವು ವರ್ಷಕ್ಕೊಮ್ಮೆ ಮೇಳ ಕಟ್ಟಿಸುತ್ತಾರೆ, ನಿಮ್ಮದಂತೂ ಇಷ್ಟು ವರ್ಷ ಸುಮ್ನೆ ಕೂತಿದೆ.

ಕಟ್ಟಿಸುವ ಮೊದಲು ಏಳೂ ತಂತಿ ಹೊಸದು ಹಾಕಿಸಿ. ಹಳೇ ತಂತಿಯ ಮೇಲೆ ಮೇಳ ಕಟ್ಟಿಸಿ ಆಮೇಲೆ ತಂತಿ ಬದಲಾಯಿಸಿದರೆ ಮಾಡಿದ ಕೆಲಸ ದಂಡ. ಯಾವ ಶ್ರುತಿಗೆ ನುಡಿಸುತ್ತೀರಿ ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿ, ಕಟ್ಟುವವರು ಅದೇ ಶ್ರುತಿಯಲ್ಲಿ ಒಂದೊಂದು ಮೆಟ್ಟನ್ನೂ ಕಿವಿಯಲ್ಲಿ ಕೇಳಿಯೇ ಕೂರಿಸುತ್ತಾರೆ. ಆಗುವುದಾದರೆ ಪಕ್ಕದಲ್ಲೇ ಕೂತಿರಿ. ಕೆಲಸ ಮುಗಿದ ಮೇಲೆ ಕಾರಿನಲ್ಲಿ ಬಿಸಿಲಿಗೆ ಬಿಟ್ಟು ಎಲ್ಲಿಗೂ ಹೋಗಬೇಡಿ, ದಯವಿಟ್ಟು.

ವೀಣೆ ಟೀಚರ್ ಮೈಸೂರು

ನನ್ನ ಹತ್ತಿರ ಬರುವವರಲ್ಲಿ ನಿಮ್ಮಂಥವರೇ ಜಾಸ್ತಿ. ಎಲ್ಲರೂ ಹೇಳುವುದು ಇದನ್ನೇ, ಬಾಯಿಗೆ ಬರುತ್ತದೆ ಕೈಗೆ ಬರುವುದಿಲ್ಲ ಅಂತ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ರಾಗ ತಲೆಯಲ್ಲಿ ಉಳಿದಿದೆ ಅಂದರೆ ಕಲಿಯಲು ತುಂಬಾ ಹೊತ್ತು ಬೇಕಾಗುವ ಭಾಗ ನಿಮ್ಮ ಹತ್ತಿರ ಆಗಲೇ ಇದೆ. ಹೋಗಿರುವುದು ಎಡಗೈ ಬೆರಳಿನ ಗಟ್ಟಿತನ, ಬಲಗೈ ಮೀಟಿನ ಅಳತೆ, ಕಿರುಬೆರಳಿನಲ್ಲಿ ತಾಳದ ತಂತಿ ಹಾಕುವ ರೂಢಿ. ಇವು ನುಡಿಸಿಯೇ ಬರಬೇಕು.

ಸರಳೆ ಬೇಕು. ಆದರೆ ಮಕ್ಕಳಿಗೆ ಹೇಳಿಕೊಡುವ ಹಾಗಲ್ಲ. ಮಗು ಮಾಯಾಮಾಳವಗೌಳ ರಾಗದಲ್ಲಿ ಸ್ವರಸ್ಥಾನ ಗುರುತಿಸಲು ಸರಳೆ ನುಡಿಸುತ್ತದೆ, ನೀವು ನುಡಿಸುವುದು ಕೈಗೋಸ್ಕರ. ಮೂರೂ ಕಾಲದಲ್ಲಿ (ವೇಗದಲ್ಲಿ) ನಿಧಾನವಾಗಿ, ಪ್ರತಿ ಮೀಟೂ ಒಂದೇ ತೂಕದಲ್ಲಿ. ಜೊತೆಗೆ ಜಂಟಿ, ಅಂದರೆ ಸ್ವರಗಳು ಎರಡೆರಡು ಸಲ ಬರುವ ಪಾಠ. ಅದು ಒಂದು ಹದಕ್ಕೆ ಬರುವ ತನಕ ಮೋಹನ ವರ್ಣದ ಪಲ್ಲವಿ ಮಾತ್ರ, ಮೊದಲ ಕಾಲದಲ್ಲಿ ಮಾತ್ರ. ನೇರ ಕೃತಿಗೆ ಹೋದರೆ ಗಮಕಕ್ಕೆ, ಅಂದರೆ ಸ್ವರವನ್ನು ತೂಗಿಸಲು, ತಂತಿ ಎಳೆಯಬೇಕು, ಮೆತ್ತಗಿನ ಬೆರಳಿಗೆ ಪೂರ್ತಿ ಎಳೆಯಲು ಆಗುವುದಿಲ್ಲ, ಸ್ವರ ಸ್ವಲ್ಪ ಕೆಳಗೇ ನಿಲ್ಲುತ್ತದೆ, ಆ ತಪ್ಪು ಸ್ವರವೇ ಕಿವಿಗೆ ಅಭ್ಯಾಸ ಆಗಿಬಿಡುತ್ತದೆ. ನನಗೆ ನಿಜವಾಗಿ ಭಯ ಇರುವುದು ಅದರದ್ದೇ.

ಗುರುಗಳನ್ನು ಹುಡುಕುವಾಗ ಒಂದು ಪ್ರಶ್ನೆ ಖಂಡಿತ ಕೇಳಿ, ಅವರದು ಯಾವ ಬಾನಿ, ಅಂದರೆ ನುಡಿಸುವ ಶೈಲಿ, ಅಂತ. ನೀವು ಕಲಿತದ್ದು ಮೈಸೂರು ಬಾನಿಯಾ? ಅದರಲ್ಲಿ ಎಡಗೈಯ ತೋರುಬೆರಳು, ಮಧ್ಯದ ಬೆರಳು ಬಿಡಿಬಿಡಿಯಾಗಿ ಓಡಾಡುತ್ತವೆ. ತಂಜಾವೂರಿನ ಕಡೆ ಎರಡನ್ನೂ ಜೋಡಿಸಿ ನುಡಿಸುವುದು ರೂಢಿ. ಎರಡೂ ದೊಡ್ಡ ಪರಂಪರೆಗಳೇ, ಆದರೆ ಮರಳಿ ಬರುತ್ತಿರುವ ಕೈಗೆ ಬಾನಿಯನ್ನೂ ಬದಲಾಯಿಸು ಅಂದರೆ ಕಷ್ಟ. ಅನುಮಾನ ಇದ್ದರೆ ಮೈಸೂರು ಬಾನಿಯ ವೈಣಿಕ ದೊರೆಸ್ವಾಮಿ ಅಯ್ಯಂಗಾರರ ಧ್ವನಿಮುದ್ರಣ ಹಾಕಿ ಕೇಳಿ. ವೀಣೆ ಶೇಷಣ್ಣನವರ ಶಿಷ್ಯರು ವೆಂಕಟಗಿರಿಯಪ್ಪ, ಅವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್. ಸ್ವರ ಸ್ವರವೂ ಬಿಡಿಯಾಗಿ, ಸ್ಪಷ್ಟವಾಗಿ ಕೇಳುತ್ತದೆ. ನಿಮ್ಮ ಮೇಷ್ಟ್ರು ಹೇಳಿಕೊಟ್ಟದ್ದು ಅದೇ ದಾರಿಯಾ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ.

ಮಂಡಿಗೆ: ಬೆನ್ನಿಲ್ಲದ ಅಗಲವಾದ ತಗ್ಗು ದಿವಾನದ ಮೇಲೆ ಕೂತು ನೋಡಿ. ಆಗದಿದ್ದರೆ ಕುರ್ಚಿ, ವೀಣೆಗೆ ಸ್ಟ್ಯಾಂಡು. ತೊಡೆಯ ಮೇಲೆ ಇಟ್ಟರೇ ವೀಣೆ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಹಾಸನದ ಮೀರಾ

ಟೀಚರ್ ಹೇಳಿದ್ದು ಸರಿಯೇ, ಆದರೆ ಬರೀ ಸರಳೆ ಜಂಟಿ ಅಂದರೆ ನನಗಂತೂ ಕೂರಲು ಮನಸ್ಸೇ ಬರುತ್ತಿರಲಿಲ್ಲ. ನಾನೂ ಹೀಗೇ ಬಿಟ್ಟು ಮತ್ತೆ ಶುರು ಮಾಡಿದವಳು. ಸೀನಿಯರ್ ಪರೀಕ್ಷೆಗೆ ಕಟ್ಟುತ್ತೇನೆ ಅಂತ ಹೇಳಿಕೊಂಡ ಮೇಲೆಯೇ ಪ್ರತಿ ಸಂಜೆ ಕೂರುವುದು ಸಾಧ್ಯವಾಯಿತು. ಪರೀಕ್ಷೆಯ ಹಾಲ್‌ನಲ್ಲಿ ನನ್ನ ವಯಸ್ಸಿನವರು ಎಷ್ಟೋ ಜನ ಇದ್ದರು. ಅರ್ಧಕ್ಕೆ ನಿಂತದ್ದನ್ನು ಮುಗಿಸುವ ಖುಷಿಯೇ ಬೇರೆ.

ವೀಣೆ ಟೀಚರ್ ಮೈಸೂರು

ಮೀರಾ ಅವರೇ, ಪರೀಕ್ಷೆ ಬೇಡ ಅನ್ನುವುದಿಲ್ಲ. ಮೊದಲ ವರ್ಷ ಬೇಡ ಅಂತ ಅಷ್ಟೇ. ತಾರೀಖು ಹತ್ತಿರ ಬಂದರೆ ಪಟ್ಟಿಯಲ್ಲಿರುವುದನ್ನು ಮುಗಿಸುವ ಅವಸರ ಹತ್ತುತ್ತದೆ, ಕೈ ಬಿಗಿಯಾಗುತ್ತದೆ. ಮನಸ್ಸಿಗೆ ಬೇಸರ ಆಗದ ಹಾಗೆ ಕೊನೆಯ ಹತ್ತು ನಿಮಿಷ ಇಷ್ಟವಾದ ದೇವರನಾಮ ಏನಾದರೂ ನುಡಿಸಿಕೊಳ್ಳಲಿ, ಅದನ್ನು ತಿದ್ದಲು ನಾನೂ ಹೋಗುವುದಿಲ್ಲ.

ದುಬೈ ಕನ್ನಡಿಗ

ಆನ್‌ಲೈನ್ ಪಾಠವೇ ಆದರೆ ಒಂದು ಮಾತು. ವಿಡಿಯೋ ಕರೆಯ ಆ್ಯಪ್‌ಗಳು ಹಿನ್ನೆಲೆ ಸದ್ದನ್ನು ತೆಗೆಯುವ ಭರದಲ್ಲಿ ವೀಣೆಯ ನಾದವನ್ನೂ ನುಂಗುತ್ತವೆ, ಮೀಟು ಕೇಳುತ್ತದೆ, ಅದರ ಹಿಂದಿನ ಎಳೆತ ಕೇಳುವುದೇ ಇಲ್ಲ. ಝೂಮ್‌ನಲ್ಲಿ ಒರಿಜಿನಲ್ ಸೌಂಡ್ ಅಂತ ಇದೆ, ಆನ್ ಮಾಡಿ. ಗುರುಗಳ ಜೊತೆಗೇ ನುಡಿಸಲು ಹೋಗಬೇಡಿ, ದನಿ ತಡವಾಗಿ ತಲುಪುವುದರಿಂದ ತಾಳ ಕೂಡುವುದಿಲ್ಲ. ಅವರು ಒಂದು ಸಾಲು, ಆಮೇಲೆ ನೀವು. ಬೆಂಗಳೂರಿನಲ್ಲೇ ಇರುವವರು ಎದುರು ಕೂತು ಕಲಿಯುವುದನ್ನು ಬಿಡಬೇಡಿ ಅನ್ನುವುದು ನನ್ನ ಆಸೆ, ನಮಗೆ ಇಲ್ಲಿ ಅದು ಸಿಗುವುದಿಲ್ಲ.

ತುಂಗಾತೀರ

ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ದಂಡಿ ನೋಡಿದೆ, ನೆಟ್ಟಗಿದೆ, ಸಂದೂ ಬಿಟ್ಟಿಲ್ಲ. ಶನಿವಾರ ಮೇಳ ಕಟ್ಟಿಸಲು ಕೊಡುತ್ತಿದ್ದೇನೆ. ನಮ್ಮ ಮೇಷ್ಟ್ರದು ಮೈಸೂರು ಬಾನಿಯೇ, ಬೆರಳು ಬಿಡಿಸು ಬಿಡಿಸು ಅಂತ ಬೈಯುತ್ತಿದ್ದರು. ಟೀಚರ್, ಬೆರಳು ನೋಯುವಾಗ ನುಡಿಸುವುದು ನಿಲ್ಲಿಸಬೇಕಾ?

ವೀಣೆ ಟೀಚರ್ ಮೈಸೂರು

ತುದಿ ಉರಿದರೆ ಪರವಾಗಿಲ್ಲ, ಗೀರು ಬಿದ್ದು ಚರ್ಮ ಬಿರಿದರೆ ನಿಲ್ಲಿಸಿ. ಚಿಕ್ಕ ಬಟ್ಟಲಿನಲ್ಲಿ ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳಿ, ಆಗಾಗ ಎಡಗೈ ಬೆರಳಿಗೆ ಮುಟ್ಟಿಸಿ, ತಂತಿಯ ಮೇಲೆ ಜಾರಲು ಸಲೀಸು. ಒಂದೇ ಸಲ ಒಂದು ಗಂಟೆ ಬೇಡ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಮಾಡಿ. ಮಣಿಕಟ್ಟಿನಲ್ಲಿ ನೋವು ಬಂದರೆ ಮಾತ್ರ ಕಾಯಬೇಡಿ, ಕೂರುವ ರೀತಿ ಸರಿಯಿಲ್ಲ ಅಂತ ಅರ್ಥ, ಅವತ್ತೇ ಗುರುಗಳಿಗೆ ತೋರಿಸಿ.