ಶಾರ್ಟ್‌ಕಟ್‌ನಲ್ಲಿ ಸಣ್ಣ ಎಲ್, ದೊಡ್ಡ ಎಲ್ ಬೇರೆ ಬೇರೆ ಆಗಬೇಕು, ಹೇಗೆ?

ಪತ್ರಬರಹ:
ನಮಸ್ಕಾರ. ತುಮಕೂರಿನಲ್ಲಿ ಕ್ರಯಪತ್ರ, ಬಾಡಿಗೆ ಕರಾರು ಟೈಪ್ ಮಾಡುವ ಕೆಲಸ ನನ್ನದು. ಪದೇ ಪದೇ ಬರುವ ಮಾತುಗಳಿಗೆ ಆಟೋಹಾಟ್‌ಕೀಯಲ್ಲಿ (ಸಣ್ಣ ಗುರುತು ಒತ್ತಿದರೆ ಪೂರ್ತಿ ಮಾತು ಬರುವಂತೆ ಮಾಡುವ ವಿಂಡೋಸ್ ತಂತ್ರಾಂಶ, ಹಳೇ 1.1 ವರ್ಷನ್) ಶಾರ್ಟ್‌ಕಟ್ ಮಾಡಿಟ್ಟಿದ್ದೇನೆ. ನನ್ನದು ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ ಕೈ. ಸುಮ್ನೆ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದರೆ ಳ. ಅದೇ ಅಭ್ಯಾಸದಲ್ಲಿ ಎಚ್ ಮತ್ತು ಸಣ್ಣ ಎಲ್‌ಗೆ ‘ಹಾಲಿ ವಾಸ’, ಎಚ್ ಮತ್ತು ದೊಡ್ಡ ಎಲ್‌ಗೆ ‘ಹೋಬಳಿ’ ಅಂತ ಎರಡು ಸಾಲು ಬರೆದೆ. ಯಾವುದನ್ನು ಒತ್ತಿದರೂ ‘ಹಾಲಿ ವಾಸ’ವೇ ಬರುತ್ತದೆ. ಸ್ವತ್ತಿನ ವಿವರದಲ್ಲಿ ಹೀಗಾದರೆ ಪತ್ರವೇ ಕೆಟ್ಟಂತೆ ಅಲ್ವಾ?

ಇನ್ನೊಂದು ತೊಂದರೆ ಇಂಗ್ಲಿಷ್ ಪತ್ರಗಳಲ್ಲಿ. ಹೆಡಿಂಗ್‌ಗೆ ಕ್ಯಾಪ್ಸ್ ಲಾಕ್ ಹಾಕಿರುತ್ತೇನೆ. ಆಗ ಇಮೇಲ್ ವಿಳಾಸದ ಶಾರ್ಟ್‌ಕಟ್ ಒತ್ತಿದರೆ ವಿಳಾಸವೆಲ್ಲ ದೊಡ್ಡಕ್ಷರದಲ್ಲಿ ಬರುತ್ತದೆ.

ಕೀಲಿಮಣೆ:
ಎರಡಕ್ಕೂ ಕಾರಣ ಒಂದೇ ಸರ್. ಆಟೋಹಾಟ್‌ಕೀ ತಾನಾಗಿ ಸಣ್ಣಕ್ಷರ ದೊಡ್ಡಕ್ಷರದ ಭೇದ ನೋಡುವುದಿಲ್ಲ. ನೀವು ಹೇಗೆ ಒತ್ತಿದಿರೋ ಹಾಗೆ ಫಲಿತಾಂಶವನ್ನು ಬದಲಿಸುತ್ತದೆ, ಅಷ್ಟೆ. ಮೊದಲಕ್ಷರ ಮಾತ್ರ ದೊಡ್ಡದಿದ್ದರೆ ವಾಕ್ಯದ ಮೊದಲಕ್ಷರ ದೊಡ್ಡದಾಗುತ್ತದೆ, ಎಲ್ಲವೂ ದೊಡ್ಡದಿದ್ದರೆ ಪೂರ್ತಿ ದೊಡ್ಡದಾಗುತ್ತದೆ. ಇಂಗ್ಲಿಷ್ ವಾಕ್ಯಗಳಿಗೆ ಇದು ತುಂಬಾ ಒಳ್ಳೆಯದು, ತೆಗೆಯಬೇಡಿ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ, ಅಲ್ಲಿ ಇದರಿಂದ ಏನೂ ಲಾಭವಿಲ್ಲ.

ಸಾಲಿನ ಶುರುವಿನ ಎರಡು ಕೋಲನ್ ನಡುವೆ ಸಿ ಅಂತ ಹಾಕಿ. ಆಗ ಅಕ್ಷರಭೇದ ಕಟ್ಟುನಿಟ್ಟಾಗುತ್ತದೆ. ಎರಡೂ ಸಾಲಿಗೆ ಹಾಕಲೇಬೇಕು. ‘ಹೋಬಳಿ’ಗೆ ಮಾತ್ರ ಹಾಕಿದರೆ ಮೇಲಿನ ‘ಹಾಲಿ ವಾಸ’ವೇ ಮೊದಲು ಸಿಕ್ಕಿಬಿಡುತ್ತದೆ. ಇಮೇಲ್‌ಗೆ ಸಿ1 ಹಾಕಿ. ಹೇಗೆ ಒತ್ತಿದರೂ ನೀವು ಬರೆದಿಟ್ಟ ಹಾಗೇ ಬರುತ್ತದೆ. ಚದರ ಮೀಟರ್ ಥರದ ಅಳತೆಗಳಿಗೂ ಇದೇ ಸರಿ.

ಫೈಲನ್ನು ಸೇವ್ ಮಾಡುವಾಗ ಎನ್‌ಕೋಡಿಂಗ್ ಜಾಗದಲ್ಲಿ ‘ಯುಟಿಎಫ್-8 ವಿತ್ ಬಾಮ್’ ಅಂತ ಆರಿಸಿ. 1.1ರಲ್ಲಿ ಹಾಗೆ ಮಾಡದಿದ್ದರೆ ಕನ್ನಡ ಕಲಸಿಹೋಗುತ್ತದೆ.

ಲಿನಕ್ಸ್ ಬಳಕೆದಾರ:
ನಾನು ಇದೇ ಥರ ಶಾರ್ಟ್‌ಕಟ್ ಕೆಲಸ ಮಾಡುವ ಎಸ್ಪಾನ್ಸೊ ಎಂಬ ತಂತ್ರಾಂಶ ಬಳಸುತ್ತೇನೆ. ಅಲ್ಲಿ ಇದು ಉಲ್ಟಾ. ಅಕ್ಷರಭೇದ ಮೊದಲಿಂದಲೇ ಇರುತ್ತದೆ, ‘ಹಾಲಿ ವಾಸ’ ಮತ್ತು ‘ಹೋಬಳಿ’ ಜಗಳವಾಡುವುದಿಲ್ಲ. ಇಂಗ್ಲಿಷ್ ಸಾಲು ನೀವು ಒತ್ತಿದಂತೆ ಬದಲಾಗಬೇಕಾದರೆ ಮಾತ್ರ ಆ ಶಾರ್ಟ್‌ಕಟ್‌ನ ಸೆಟ್ಟಿಂಗ್‌ನಲ್ಲಿ ಪ್ರಾಪಗೇಟ್ ಕೇಸ್ ಅನ್ನು ಟ್ರೂ ಮಾಡಿ, ಜೊತೆಗೆ ವರ್ಡ್ ಅನ್ನೂ ಟ್ರೂ ಮಾಡಿ.

ಪತ್ರಬರಹ:
ಸಿ ಹಾಕಿದೆ, ಹೋಬಳಿ ಬಂತು! ತುಂಬಾ ಥ್ಯಾಂಕ್ಸ್. ಕನ್ನಡದ ಸಾಲುಗಳು ಜಾಸ್ತಿ ಇವೆ. ಒಂದೊಂದಕ್ಕೂ ಸಿ ಹಾಕಲೇಬೇಕಾ?

ಕೀಲಿಮಣೆ:
ಬೇಡ. ಇಂಗ್ಲಿಷ್ ಸಾಲುಗಳನ್ನೆಲ್ಲ ಮೇಲಿಡಿ. ಅದರ ಕೆಳಗೆ ಹ್ಯಾಶ್ ಗುರುತು ಸೇರಿಸಿ ಹಾಟ್‌ಸ್ಟ್ರಿಂಗ್, ಜಾಗ ಬಿಟ್ಟು ಸಿ ಅಂತ ಒಂದೇ ಸಾಲು ಬರೆಯಿರಿ. ಅಲ್ಲಿಂದ ಕೆಳಗಿನ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ಆದರೆ ಕ್ಯಾಪ್ಸ್ ಲಾಕ್ ಹಾಕಿಕೊಂಡು ಒತ್ತಿದರೆ ಕನ್ನಡದ ಶಾರ್ಟ್‌ಕಟ್ ಕೆಲಸ ಮಾಡುವುದಿಲ್ಲ. ಹೆಡಿಂಗ್ ಮುಗಿದ ಕೂಡಲೇ ಅದನ್ನು ಆಫ್ ಮಾಡಿ.