ಮೂರನೇ ಮಹಡಿ, ಲಿಫ್ಟ್ ಇಲ್ಲ, ಅತ್ತೆಗೆ ಮಂಡಿನೋವು: ಯಾವ ನಾಯಿ ತರೋದು?

ದೊಡ್ಡಪತ್ರೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಮಾತು. ನಾಯಿ ತರುವುದು ಅಂತ ತೀರ್ಮಾನ ಆಗಿದೆ. ಯಾವುದು ಅನ್ನುವುದರಲ್ಲೇ ಜಗಳ.

ವಿದ್ಯಾರಣ್ಯಪುರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಲ್ಕನಿ ಅಂದರೆ ಬಟ್ಟೆ ಸ್ಟ್ಯಾಂಡ್ ಇಟ್ಟರೆ ಮುಗಿಯಿತು. ನಾನು ವಾರಕ್ಕೆ ಮೂರು ದಿನ ಆಫೀಸು, ಯಜಮಾನರು ಐದೂ ದಿನ. ಮಗಳು ಎರಡನೇ ಕ್ಲಾಸು. ಹಗಲು ಮನೆಯಲ್ಲಿರುವುದು ಅತ್ತೆ. 67 ವರ್ಷ, ಮಂಡಿನೋವು.

ಮಗಳಿಗೆ ಹಸ್ಕಿ ಬೇಕು. ಕಣ್ಣು ನೀಲಿ ಅಂತ. ಯಜಮಾನರಿಗೆ ಲ್ಯಾಬ್ರಡಾರ್. ಚಿಕ್ಕವರಿದ್ದಾಗ ಅರಸೀಕೆರೆಯ ಮನೆಯಲ್ಲಿ ಇತ್ತಂತೆ. (ಅದನ್ನು ನೋಡಿಕೊಳ್ಳುತ್ತಿದ್ದವರು ಯಾರು ಅಂತ ಅತ್ತೆಯನ್ನು ಕೇಳಿದೆ. "ಇನ್ಯಾರು, ನಾನೇ" ಅಂದರು.) ನನಗೆ ಮುಧೋಳ ನಾಯಿ ಇಷ್ಟ. ನಮ್ಮ ನಾಡಿನದೇ, ಮೈಮೇಲೆ ಕೂದಲು ಕಡಿಮೆ, ಗುಡಿಸುವ ಕೆಲಸ ಇಲ್ಲ. ಅತ್ತೆಯದು ಒಂದೇ ಷರತ್ತು: ಅಡುಗೆಮನೆ ಹೊಸಿಲು ದಾಟಬಾರದು, ಮನೆಯಲ್ಲಿ ಮಾಂಸ ಬೇಯಿಸಬಾರದು. ಮೊಟ್ಟೆಗೆ ಒಪ್ಪಿದ್ದಾರೆ, ಬೇರೆ ಪಾತ್ರೆಯಲ್ಲಿ.

ಸಾಕಿದವರು ಹೇಳಿ. ಬೈದರೂ ಪರವಾಗಿಲ್ಲ.

ಮೈಸೂರ್‌ಪಾಕ್

ಮೊದಲು ಮನೆ ಓನರ್ ಹತ್ತಿರ ಮಾತಾಡಿ. ಎಷ್ಟೋ ಜನ ನಾಯಿ ತಂದ ಮೇಲೆ ಮನೆ ಹುಡುಕುತ್ತಾರೆ.

ಹಸ್ಕಿ ಬೇಡವೇ ಬೇಡ. ಅದು ಸೈಬೀರಿಯಾದಲ್ಲಿ ಹಿಮದ ಮೇಲೆ ಬಂಡಿ ಎಳೆಯುತ್ತಿದ್ದ ನಾಯಿ, ಮೈಮೇಲೆ ಎರಡು ಪದರ ಕೂದಲು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ತಂಪಾಗಬೇಕು. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋದರೆ ಏನು ಮಾಡುತ್ತೀರಿ?

ಯಾರಾದರೂ ಬೀಗಲ್ ಅಂದರೂ ಹುಷಾರು. ನಮ್ಮನೆಯಲ್ಲಿ ಇದೆ, ಚಿಕ್ಕದು, ಮುದ್ದು, ಎಲ್ಲ ಸರಿ. ಆದರೆ ಮೊಲ ಹಿಡಿಯಲು ಬೆಳೆಸಿದ ತಳಿ. ಬೇಟೆಗಾರನಿಗೆ ದೂರದಿಂದ ಕೇಳಲಿ ಅಂತಲೇ ಆ ದನಿ. ನಮಗೆ ಬೇಟೆಗಾರ ಇಲ್ಲ, ಎದುರುಮನೆ ರಿಟೈರ್ಡ್ ಮೇಷ್ಟ್ರಿದ್ದಾರೆ. ಮೂರು ವರ್ಷದಿಂದ ನನ್ನ ಜೊತೆ ಮಾತಿಲ್ಲ.

ಘಟಪ್ರಭಾ ದಂಡೆ

ಅಕ್ಕಾರ, ನಮಸ್ಕಾರ್ರೀ. ನಾನು ಮುಧೋಳದವನೇ. ನಮ್ಮೂರ ನಾಯಿ ಕೇಳಿದಿರಿ, ಖುಷಿ ಆಯಿತು. ಆದರೆ ನಿಮ್ಮ ಮನೆಗೆ ಬೇಡ.

ಇದನ್ನು ಬರೆಯಲು ನನಗೇ ಸಂಕಟ. ಘೋರ್ಪಡೆ ರಾಜಮನೆತನದವರು ಪೋಷಿಸಿದ ತಳಿ. 2005ರಲ್ಲಿ ಅಂಚೆಚೀಟಿ ಮೇಲೆ ಬಂತು, 2016ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ಅಷ್ಟೆಲ್ಲ ಹೆಸರಿದೆ. ಆದರೆ ಹೆಸರು ಬೇರೆ, ಮೂರನೇ ಮಹಡಿ ಬೇರೆ.

ನನ್ನ ಹೆಣ್ಣು ನಾಯಿ ಮುಂಜಾನೆ ಕಬ್ಬಿನ ಹೊಲದ ಬದುವಿನ ಮೇಲೆ ನಿಲ್ಲುತ್ತದೆ. ಕದಲುವುದಿಲ್ಲ. ಕತ್ತು ಮಾತ್ರ ಒಂಚೂರು ಆ ಕಡೆ, ಒಂಚೂರು ಈ ಕಡೆ. ಚಹಾ ಲೋಟ ಹಿಡಿದು ನಾನೂ ಆ ಕಡೆ ನೋಡುತ್ತೇನೆ, ನನಗೆ ಏನೂ ಕಾಣುವುದಿಲ್ಲ. ಅಷ್ಟರಲ್ಲಿ ಅದು ಹೋಗಿರುತ್ತದೆ. "ಏ" ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಎರಡು ಹೊಲ ದಾಟಿರುತ್ತದೆ. ಇದು ವಾಸನೆ ಹಿಡಿದು ನಿಧಾನ ಹೋಗುವ ನಾಯಿ ಅಲ್ಲ, ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ನಾಯಿ. ಅಟ್ಟುವಾಗ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ನಿಮ್ಮ ಬೀದಿಯಲ್ಲಿ ಬೆಕ್ಕು ಓಡಿತು ಅಂದುಕೊಳ್ಳಿ. ಬೆಲ್ಟ್ ಯಾರ ಕೈಯಲ್ಲಿರುತ್ತದೆ? ಹಿರಿಯರ ಕೈಯಲ್ಲಿ. ಮುಂದಿನದು ಬರೆಯುವುದಿಲ್ಲ.

ಇನ್ನೊಂದು. ಹೊರಗಿನವರು ಮೈ ಮುಟ್ಟಿದರೆ ಇದಕ್ಕೆ ಸರಿಬರುವುದಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಹದಿನೈದು ಮಕ್ಕಳು ಬಂದರೆ ಇದು ಮಂಚದ ಕೆಳಗೆ.

ಎರಡು ವರ್ಷದ ಹಿಂದೆ ಬೆಂಗಳೂರಿನವರೊಬ್ಬರು ನನ್ನಿಂದ ಒಂದು ಮರಿ ಒಯ್ದರು. ಒಳ್ಳೆಯ ಜನ. ಐದು ತಿಂಗಳಿಗೆ ಕಾರಿನಲ್ಲಿ ವಾಪಸ್ ತಂದರು. ಸೋಫಾದ ಎರಡು ಕೈ ತಿಂದು ಹಾಕಿತ್ತಂತೆ. ಅವರು ಅಳುತ್ತಿದ್ದರು, ನಾಯಿ ಇಳಿದದ್ದೇ ಹೊಲಕ್ಕೆ ಓಡಿತು, ತಿರುಗಿ ನೋಡಲಿಲ್ಲ. ಆವತ್ತಿನಿಂದ ಬೇಲಿ ಇರುವ ಜಾಗ ತೋರಿಸದವರಿಗೆ ನಾನು ಮರಿ ಕೊಡುವುದಿಲ್ಲ.

ಮುಂದೆ ಊರಕಡೆ ಜಾಗ ಮಾಡಿಕೊಂಡರೆ ಬನ್ನಿ. ಇಲ್ಲೇ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ನಾನೇ ಕರೆದುಕೊಂಡು ಹೋಗುತ್ತೇನೆ.

ಎಂಟನೇ ಮೈಲಿ

ಮುಧೋಳದ ಅಣ್ಣ ಸರಿಯಾಗಿ ಹೇಳಿದರು. ಬೆಲ್ಟ್ ಯಾರ ಕೈಯಲ್ಲಿ ಅನ್ನುವುದೇ ಪ್ರಶ್ನೆ. ನೀವು ಮಗಳಿಗೆ ಅಂತ ನಾಯಿ ಹುಡುಕುತ್ತಿದ್ದೀರಿ, ಹುಡುಕಬೇಕಾದ್ದು ಅತ್ತೆಯವರಿಗೆ ಅಲ್ವಾ?

ಲ್ಯಾಬ್ ಸ್ವಭಾವ ಬಂಗಾರ, ನಿಜ. ಆದರೆ ಬೆಳೆದ ಗಂಡು ಮೂವತ್ತು ಕೆಜಿ ದಾಟುತ್ತದೆ. ಸೊಂಟದ ಕೀಲಿನ ತೊಂದರೆ ಆ ತಳಿಯಲ್ಲಿ ಜಾಸ್ತಿ. ಮುದಿಯಾದ ಮೇಲೆ ಮೂರು ಮಹಡಿ ಹೊತ್ತುಕೊಂಡು ಇಳಿಯುವವರು ಯಾರು? ಅದರ ಹಸಿವೂ ಮುಗಿಯುವುದಿಲ್ಲ. ಅಜ್ಜಿಯರು ಇರುವ ಮನೆಯ ಲ್ಯಾಬ್‌ಗಳು ಹೇಗಿರುತ್ತವೆ ಅಂತ ನೋಡಿದ್ದೀರಲ್ಲ, ಟೀಪಾಯಿ ತರಹ.

ನನ್ನ ಸಲಹೆ: ಮರಿಯೇ ಬೇಡ. ಮರಿಗೆ ಎರಡು ಮೂರು ಗಂಟೆಗೊಮ್ಮೆ ಉಚ್ಚೆ. ಅತ್ತೆ ಮಂಡಿ ಹಿಡಿದುಕೊಂಡು ನೆಲ ಒರೆಸುತ್ತಾ ಇರಬೇಕಾಗುತ್ತದೆ. ಎರಡು ಮೂರು ವರ್ಷದ, ಮರಿ ಆಗದ ಹಾಗೆ ಆಪರೇಷನ್ ಆದ ಬೀದಿನಾಯಿಯನ್ನು ದತ್ತು ತಗೊಳ್ಳಿ. ದೊಡ್ಡದಾಗಿರುವುದರಿಂದ ಸ್ವಭಾವ ಕಣ್ಣೆದುರಿಗೇ ಇರುತ್ತದೆ. ಬೊಗಳುತ್ತದಾ, ಮಕ್ಕಳನ್ನು ಸಹಿಸುತ್ತದಾ, ಬೆಲ್ಟ್ ಎಳೆಯುತ್ತದಾ, ಎಲ್ಲ ಅರ್ಧ ಗಂಟೆಯಲ್ಲಿ ಒಂದಷ್ಟು ಗೊತ್ತಾಗುತ್ತದೆ. ನನ್ನ ಕರಿಯಮ್ಮ 16 ಕೆಜಿ. ಮೊಸರನ್ನ, ರಾಗಿ ಅಂಬಲಿ, ಬೇಯಿಸಿದ ಮೊಟ್ಟೆ, ಜೊತೆಗೆ ಒಂದಿಷ್ಟು ಅಂಗಡಿ ಪೆಡಿಗ್ರಿ. ನಿಮ್ಮ ಮನೆಗೂ ಇದು ನಡೆಯುತ್ತದೆ, ಡಾಕ್ಟರ್ ಹತ್ತಿರ ಅಳತೆ ಕೇಳಿಕೊಳ್ಳಿ. ಆದರೆ ಉಳಿದ ಸಾಂಬಾರ್ ಅನ್ನ ಹಾಕಬೇಡಿ, ಈರುಳ್ಳಿ ಅವಕ್ಕೆ ವಿಷ. ಪಾಯಸದ ದ್ರಾಕ್ಷಿಯೂ ಅಷ್ಟೇ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಿ.

ಮರಿಯೇ ಬೇಕು ಅಂದರೆ ಎಂಟು ವಾರ ತುಂಬಿರಲಿ. ಅದಕ್ಕಿಂತ ಚಿಕ್ಕದನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರದ ನಿಯಮವೇ ಇದೆ. ತಾಯಿ ನಾಯಿಯನ್ನು ತೋರಿಸಲ್ಲ ಅಂದರೆ ಸುಮ್ನೆ ಎದ್ದು ಬನ್ನಿ.

ಇನ್ನೊಂದು ಮಾತು. ನಾಯಿ ತರುವ ಮುಂಚೆ ಒಂದು ವಾರ ಯಜಮಾನರು ದಿನಾ ಬೆಳಿಗ್ಗೆ ಐದೂವರೆಗೆ ಎದ್ದು, ಖಾಲಿ ಬೆಲ್ಟ್ ಹಿಡಿದುಕೊಂಡು ಮೂರು ಮಹಡಿ ಇಳಿದು, ಅರ್ಧ ಗಂಟೆ ನಡೆದು ಬರಲಿ. ಸಂಜೆ ಮತ್ತೆ ಅದೇ.

ದೊಡ್ಡಪತ್ರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ.

ಓನರ್ ಒಪ್ಪಿದರು. ಟೆರೇಸಿಗೆ ಬಿಡಬಾರದು ಅಂದರು, ಅಷ್ಟೇ.

ಖಾಲಿ ಬೆಲ್ಟ್ ಪರೀಕ್ಷೆ ಮಾಡಿಸಿದೆ. ಯಜಮಾನರು ಸೋಮವಾರ, ಮಂಗಳವಾರ ಹೋದರು. ಬುಧವಾರ ಮಳೆ. ಗುರುವಾರ "ಮಳೆ ಬರೋ ಹಾಗಿದೆ". ಶುಕ್ರವಾರ ನೋಡಿದರೆ ಮೊಳೆಯಲ್ಲಿ ಬೆಲ್ಟ್ ಇಲ್ಲ, ಬಾಗಿಲು ಓರೆಯಾಗಿದೆ. ಅತ್ತೆ ಅದನ್ನು ಕೈಗೆ ಸುತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹಾಲಿನ ಬೂತಿನ ತನಕ ಹೋಗಿ ಬಂದಿದ್ದರು. "ಸಂಜೆ ನೀವಿಬ್ಬರಲ್ಲಿ ಯಾರಾದರೂ ಇಳಿಸಿ, ಬೆಳಿಗ್ಗೆ ನಾನು ನೋಡಿಕೊಳ್ಳುತ್ತೇನೆ" ಅಂದರು. ಯಜಮಾನರು ಆವತ್ತಿನಿಂದ ಲ್ಯಾಬ್ ಹೆಸರು ಎತ್ತಿಲ್ಲ.

ಮಗಳಿಗೆ ಹಸ್ಕಿ ಇಲ್ಲ ಅಂತ ಒಂದು ದಿನ ಅಳು. ಆಮೇಲೆ ಹೆಸರು ತಾನೇ ಇಡುತ್ತೇನೆ ಅನ್ನುವ ಕರಾರಿನ ಮೇಲೆ ರಾಜಿ.

ಬರುವ ಭಾನುವಾರ ಯಲಹಂಕದ ಹತ್ತಿರ ಒಂದು ಹೆಣ್ಣು ನಾಯಿ ನೋಡಲು ಹೋಗುತ್ತಿದ್ದೇವೆ. ಮೂರು ವರ್ಷ, ಕಂದು ಬಣ್ಣ, ಒಂದು ಕಿವಿ ಮಡಚಿದೆ. ಫೋಟೋ ನೋಡಿ ಅತ್ತೆ, "ಇದರ ಮುಖ ನಮ್ಮ ಅರಸೀಕೆರೆ ಓರಗಿತ್ತಿ ತರಹ ಇದೆ" ಅಂದರು. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಅವರೂ ಬರುತ್ತಾರಂತೆ.