ಗಾರ್ಟರ್ ಹಾವುಗಳಿಗೆ ಗೋಲ್ಡ್‌ಫಿಶ್ ಮತ್ತು ಗೊಬ್ಬರದ ಗುಂಡಿಯ ಎರೆಹುಳು ಬಿಟ್ಟು ಬೇರೇನು ಕೊಡಬಹುದು?

ಪ್ರಶ್ನೆ – ಕೋಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಗಾರ್ಟರ್ ಹಾವುಗಳಿವೆ (ಉತ್ತರ ಅಮೆರಿಕ ಮೂಲದ ಚಿಕ್ಕ ಹಾವುಗಳು). ಮಗನ ಗೆಳೆಯನೊಬ್ಬ ಓದಲು ಹೊರದೇಶಕ್ಕೆ ಹೋಗುವಾಗ ಅವುಗಳನ್ನು ಕಾಗದಪತ್ರಗಳ ಸಮೇತ ನಮಗೆ ಒಪ್ಪಿಸಿ ಹೋದ. ಆಗ ಪೆನ್ಸಿಲ್ ಗಾತ್ರದಲ್ಲಿದ್ದವು ಈಗ ಒಂದೂಕಾಲು ವರ್ಷ ತುಂಬಿ ಎರಡು ಅಡಿಯ ಹತ್ತಿರ ಬೆಳೆದಿವೆ. ನಾವು ಮೀನು, ಮಾಂಸ ಮಾಡುವ ಮನೆಯವರಲ್ಲವಾದ್ದರಿಂದ ಇವುಗಳ ಆಹಾರದ ವಿಷಯದಲ್ಲಿ ಎಲ್ಲವನ್ನೂ ಹೊಸದಾಗಿಯೇ ಕಲಿಯಬೇಕಾಗಿದೆ.

ಇಲ್ಲಿಯವರೆಗೆ ಅಕ್ವೇರಿಯಂ ಅಂಗಡಿಯಿಂದ ತಂದ ಚಿಕ್ಕ ಗೋಲ್ಡ್‌ಫಿಶ್‌ಗಳನ್ನೂ, ನಮ್ಮ ಸೊಸೈಟಿಯ ಗೊಬ್ಬರದ ಗುಂಡಿಯಲ್ಲಿ ಸಿಗುವ ಕೆಂಪು ಎರೆಹುಳುಗಳನ್ನೂ ಕೊಡುತ್ತಿದ್ದೆವು. ಎರಡರಲ್ಲಿ ದೊಡ್ಡದು ಹುಳುವನ್ನು ಬಾಯಿಗೆ ತೆಗೆದುಕೊಂಡ ತಕ್ಷಣ ಉಗುಳುತ್ತದೆ. ಒಮ್ಮೆ ನುಂಗಿ ಅರ್ಧ ಗಂಟೆಯೊಳಗೆ ಕಾರಿಕೊಂಡಿತು. ಚಿಕ್ಕದು ಹುಳುವನ್ನು ಮುಟ್ಟುವುದೇ ಇಲ್ಲ, ಮೀನನ್ನು ಮಾತ್ರ ಆಸೆಯಿಂದ ತಿನ್ನುತ್ತದೆ. ಆದರೆ ಕಳೆದ ಒಂದು ವಾರದಿಂದ ಅದು ತಲೆಯೆತ್ತಿದಾಗ ಕುತ್ತಿಗೆಯ ಭಾಗ ಸಣ್ಣಗೆ ನಡುಗುವುದನ್ನು ಗಮನಿಸಿದ್ದೇನೆ. ಅಂಗಡಿಯವರ ಮಾತು ಕೇಳಿ ಜೀರುಂಡೆಗಳನ್ನೂ ಕೊಟ್ಟು ನೋಡಿದೆವು. ಎರಡೂ ಅವುಗಳತ್ತ ತಿರುಗಿಯೂ ನೋಡಲಿಲ್ಲ. ಇವುಗಳಿಗೆ ಸಮತೋಲದ, ಬದಲಾವಣೆಯಿರುವ ಆಹಾರವನ್ನು ಇಲ್ಲಿ ಸಿಗುವ ಪದಾರ್ಥಗಳಿಂದಲೇ ಹೇಗೆ ಹೊಂದಿಸಬಹುದು? ಇಲಿ ಮರಿ ಕೊಡುವುದು ಅಗತ್ಯವೇ?

ಉತ್ತರ 1 – ಮುಲುಂಡ್, ಮುಂಬಯಿ

ಮಾನ್ಯರೇ, ಉಳಿದದ್ದನ್ನು ಹೇಳುವ ಮೊದಲು ಒಂದು ವಿನಂತಿ: ಈ ಸಂಜೆಯಿಂದಲೇ ಗೋಲ್ಡ್‌ಫಿಶ್ ನಿಲ್ಲಿಸಿ, ನಡುಗುತ್ತಿರುವ ಹಾವನ್ನು ಸರೀಸೃಪಗಳ ಅನುಭವವಿರುವ ಪಶುವೈದ್ಯರಿಗೆ ನಾಳೆಯೇ ತೋರಿಸಿ. ನಾನು ಕೆನಡಾದ ಒಂಟಾರಿಯೋದಲ್ಲಿ ಒಂಬತ್ತು ವರ್ಷವಿದ್ದು, ಅಲ್ಲಿ ಗಾರ್ಟರ್ ಹಾವುಗಳನ್ನು ಸಾಕಿದವನು. ನನ್ನ ಮೊದಲ ಹಾವು ಇದೇ ಬಗೆಯ ನಡುಕದಿಂದ ತೊಡಗಿ, ಹತ್ತು ದಿನಗಳಲ್ಲಿ ಬೆನ್ನ ಮೇಲೆ ಮಗುಚಿಕೊಂಡರೆ ತಾನಾಗಿ ಹೊರಳಲಾರದ ಸ್ಥಿತಿಗೆ ಬಂದಿತ್ತು. ನಾನು ತಡ ಮಾಡಿದ್ದೆ; ಅದು ಉಳಿಯಲಿಲ್ಲ.

ಗೋಲ್ಡ್‌ಫಿಶ್ ಮತ್ತು ಅದರ ಬಳಗವಾದ ಕಾರ್ಪ್ ಜಾತಿಯ ಹಲವು ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿರುತ್ತದೆ. ಅದು ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಒಂದೆರಡು ಸಲ ತಿಂದರೆ ತೊಂದರೆ ಕಾಣದಿರಬಹುದು, ಆದರೆ ತಿಂಗಳುಗಟ್ಟಲೆ ಅದೇ ಊಟವಾದಾಗ ಹಾವಿನ ನರಮಂಡಲ ಸೊರಗಿ ನಡುಕ, ತಲೆ ವಾಲುವುದು, ಸೆಳೆತ ಶುರುವಾಗುತ್ತವೆ. ಮೀನನ್ನು ಫ್ರೀಜರ್‌ನಲ್ಲಿಟ್ಟರೆ ಹಲವು ಪರೋಪಜೀವಿಗಳು ಸಾಯುತ್ತವೆಯೇ ಹೊರತು ಈ ಕಿಣ್ವ ನಾಶವಾಗುವುದಿಲ್ಲ. ಅದನ್ನು ನಾಶಮಾಡಲು ಶಾಖವೇ ಬೇಕು.

ಎರೆಹುಳುವಿನ ವಿಷಯದಲ್ಲಿ ನಿಮ್ಮ ಹಾವು ನಿಮಗಿಂತ ಮೊದಲೇ ಎಚ್ಚರಗೊಂಡಿದೆ. ಎರೆಗೊಬ್ಬರಕ್ಕೆ ಬಳಸುವ ಕೆಂಪು ಹುಳು ಹೆಚ್ಚಾಗಿ ಐಸೀನಿಯಾ ಫೆಟಿಡಾ ಎಂಬ ಜಾತಿಯದು. ಮೈಮೇಲೆ ಹಳದಿ ಮಿಶ್ರಿತ ಪಟ್ಟೆಗಳಿದ್ದು, ಹಿಸುಕಿದರೆ ಹಳದಿ ದ್ರವ ಸೂಸಿ ಕೆಟ್ಟ ವಾಸನೆ ಬೀರುತ್ತದೆ. ಆ ದ್ರವದಲ್ಲಿರುವ ಲೈಸೆನಿನ್ ಎಂಬ ಪ್ರೋಟೀನು ಬೆನ್ನೆಲುಬುಳ್ಳ ಪ್ರಾಣಿಗಳ ಜೀವಕೋಶಗಳಿಗೆ ಹಾನಿ ಮಾಡುತ್ತದೆ. ಇವು ಗಾರ್ಟರ್ ಹಾವುಗಳಿಗೆ ಖಂಡಿತ ಬೇಡ. ಮಣ್ಣಿನಲ್ಲಿ ಬಿಲ ಕೊರೆದು ಬದುಕುವ, ಬೂದು ಅಥವಾ ಕಂದು ಬಣ್ಣದ ದಪ್ಪ ಎರೆಹುಳುಗಳಾದರೋ ಇವುಗಳ ಊರಿನ ಊಟವೇ ಹೌದು. ಉತ್ತರ ಅಮೆರಿಕದಲ್ಲಿ ಮಳೆ ನಿಂತ ಮೇಲೆ ಹುಲ್ಲಿನ ನಡುವೆ ಇವು ಹುಳು ಹೆಕ್ಕಿ ತಿನ್ನುವುದನ್ನು ನಾನೇ ನೋಡಿದ್ದೇನೆ. ಕೀಟನಾಶಕ, ರಾಸಾಯನಿಕ ಗೊಬ್ಬರ ಹಾಕದ ನೆಲದಿಂದ ಅಗೆದು ತಂದು, ಒದ್ದೆ ಕಾಗದದ ಮೇಲೆ ಒಂದು ದಿನ ಬಿಟ್ಟು, ಹೊಟ್ಟೆಯ ಮಣ್ಣು ಹೊರಹೋದ ಮೇಲೆ ತೊಳೆದು ಕೊಡಿ.

ಜೀರುಂಡೆಯನ್ನು ಮರೆತುಬಿಡಿ. ಗಾರ್ಟರ್ ಹಾವುಗಳು ಸಾಮಾನ್ಯವಾಗಿ ಕೀಟ ತಿನ್ನುವುದಿಲ್ಲ.

ಉತ್ತರ 2 – ಔಂಧ್, ಪುಣೆ

ನಾನು ಪಶುವೈದ್ಯೆ. ಮೇಲಿನವರ ಮಾತನ್ನು ಒಪ್ಪುತ್ತೇನೆ. ನಡುಕಕ್ಕೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ಮನೆಯಲ್ಲೇ ಬಿ1 ಮಾತ್ರೆ ಪುಡಿಮಾಡಿ ತಿನ್ನಿಸುವ ಪ್ರಯತ್ನ ಬೇಡ. ಕೊರತೆ ಎಂದು ಕಂಡುಬಂದರೆ ವೈದ್ಯರು ತೂಕ ನೋಡಿ ಚುಚ್ಚುಮದ್ದು ಕೊಡುತ್ತಾರೆ. ಬೇಗ ಹಿಡಿದರೆ ಚೇತರಿಕೆ ಚೆನ್ನಾಗಿಯೇ ಇರುತ್ತದೆ. ಇದುವರೆಗೆ ಏನೇನು, ಯಾವಾಗ ಕೊಟ್ಟಿರಿ ಎಂಬುದನ್ನು ಬರೆದುಕೊಂಡು ಹೋಗಿ.

ಇಲಿ ಮರಿ ಅನಿವಾರ್ಯವೇ ಎಂದು ಕೇಳಿದ್ದೀರಿ. ಅನಿವಾರ್ಯವಲ್ಲ, ಆದರೆ ಬಹಳ ಉಪಯುಕ್ತ. ಎರೆಹುಳುವಿನಲ್ಲಿ ಎಲುಬಿಲ್ಲ, ಮುಳ್ಳು ತೆಗೆದು ಕತ್ತರಿಸಿದ ಮೀನಿನ ತುಂಡಿನಲ್ಲಿಯೂ ಇರುವುದಿಲ್ಲ. ಹೀಗಾಗಿ ಇವೆರಡನ್ನೇ ನೆಚ್ಚಿಕೊಂಡರೆ ಕ್ಯಾಲ್ಸಿಯಂ ಸಾಲದೆ ಹೋಗುತ್ತದೆ. ಇಡಿಯಾದ ಚಿಕ್ಕ ಮೀನು ಅಥವಾ ಇಲಿ ಮರಿಯಲ್ಲಿ ಎಲುಬು, ಯಕೃತ್ತು ಎಲ್ಲವೂ ಒಟ್ಟಿಗೆ ದೊರೆಯುತ್ತವೆ. ಕಣ್ಣು ಬಿಡದ ಮರಿಗಳನ್ನು ಹೆಪ್ಪುಗಟ್ಟಿಸಿದ ಸ್ಥಿತಿಯಲ್ಲಿ ತಂದು, ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ, ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ದಪ್ಪವಿರದಂತೆ ಆರಿಸಿ ಕೊಡಿ. ಮೊದಮೊದಲು ತಿನ್ನದಿದ್ದರೆ ಮರಿಯ ಮೈಗೆ ಎರೆಹುಳು ಅಥವಾ ಮೀನನ್ನು ಸವರಿ. ಇವು ವಾಸನೆಯಿಂದ ಆಹಾರವನ್ನು ಗುರುತಿಸುವ ಪ್ರಾಣಿಗಳು, ಹೆಚ್ಚಿನವು ಅದರಿಂದಲೇ ಒಪ್ಪಿಕೊಳ್ಳುತ್ತವೆ. ಹಾಗೆಂದು ಇಲಿಯನ್ನೇ ನಿತ್ಯದ ಊಟವಾಗಿಸಿದರೆ ಕೊಬ್ಬು ತುಂಬಿ ಯಕೃತ್ತಿಗೆ ತೊಂದರೆಯಾಗಬಹುದು. ನಿಮ್ಮ ಹಾವುಗಳ ವಯಸ್ಸಿಗೆ ಹುಳು, ಮೀನಿನ ಊಟವಾದರೆ ನಾಲ್ಕೈದು ದಿನಕ್ಕೊಮ್ಮೆ, ಇಲಿ ಮರಿ ಕೊಟ್ಟಾಗ ವಾರ ಬಿಟ್ಟು ಮುಂದಿನ ಊಟ ಸಾಕು.

ಪುಣೆಯ ಚಳಿಯನ್ನು ಇಲ್ಲಿ ಮರೆಯಬಾರದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮೈ ತಣ್ಣಗಾದ ಹಾವಿಗೆ ತಿಂದದ್ದು ಅರಗದೆ ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ. ಪೆಟ್ಟಿಗೆಯ ಒಂದು ಬದಿ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಲಿ, ಇನ್ನೊಂದು ಬದಿ ತಂಪಾಗಿರಲಿ. ಊಟವಾದ ಮೇಲೆ ಎರಡು ದಿನ ಕೈಗೆತ್ತಿಕೊಳ್ಳಬೇಡಿ. ಹಾವುಗಳಿಂದ ಮನುಷ್ಯರಿಗೆ ಹರಡಬಲ್ಲ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ಕಾರಣಕ್ಕೆ ಹಾವಿನ ಪಾತ್ರೆ, ಚಾಕು, ಇಕ್ಕಳಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಉತ್ತರ 3 – ಮಡಗಾಂವ್, ಗೋವಾ

ನಾನು ಕಾರವಾರದವನು, ಇಲ್ಲಿ ಅಕ್ವೇರಿಯಂ ಮೀನುಗಳನ್ನು ಸಾಕುತ್ತೇನೆ. ಮೀನಿನ ಬಗ್ಗೆಯಷ್ಟೇ ಹೇಳುತ್ತೇನೆ. ನಿಮಗೆ ಹೊಂದುವುದು ಗಪ್ಪಿ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಬಿಡುತ್ತಾರಲ್ಲ, ಅದೇ ಮೀನು. ಗಪ್ಪಿ, ಮೋಲಿ, ಪ್ಲಾಟಿ ಮೂರೂ ಮರಿ ಹಾಕುವ ಜಾತಿಗಳು, ಮತ್ತು ಗಾರ್ಟರ್ ಸಾಕುವವರು ಇವನ್ನು ಆ ಕಿಣ್ವದ ಭಯವಿಲ್ಲದೆ ಬಳಸುತ್ತಾರೆ. ಅಂಗಡಿಯ ಮೀನಿಗೆ ಔಷಧಿ ಹಾಕಿರುವ ಸಾಧ್ಯತೆ ಇರುವುದರಿಂದ ನಾಲ್ಕು ಜೋಡಿ ಗಪ್ಪಿ ತಂದು ಬಾಲ್ಕನಿಯ ಟಬ್ಬಿನಲ್ಲಿ ನೀವೇ ಬೆಳೆಸಿ. ಮೂರು ತಿಂಗಳಲ್ಲಿ ನಿಮಗೆ ಬೇಕಾದಷ್ಟಾಗುತ್ತವೆ. ಪೇಟೆಯ ಮೀನಿನಲ್ಲಿ ಟಿಲಾಪಿಯಾ ಒಳ್ಳೆಯದು. ನಮ್ಮ ಕಡೆ ಜಿಲೇಬಿ ಮೀನು ಎನ್ನುವುದನ್ನೇ ಪುಣೆಯ ಮೀನುಗಾರರು ಚಿಲಾಪಿ ಎನ್ನುತ್ತಾರೆ, ಉಜನಿ ಜಲಾಶಯದಿಂದ ಬರುತ್ತದೆ. ತುಂಡು ಕೊಡುವ ದಿನ ಅದಕ್ಕೆ ಸ್ವಲ್ಪ ಕ್ಯಾಲ್ಸಿಯಂ ಪುಡಿ ಸವರಿ. ಉಪ್ಪು ಹಾಕಿ ಒಣಗಿಸಿದ ಮೀನು ಬೇಡವೇ ಬೇಡ.

ಇನ್ನೊಂದು ಮಾತು. ಮಳೆ ಶುರುವಾದೊಡನೆ ಕಪ್ಪೆಗಳು ಕಣ್ಣಿಗೆ ಬೀಳುತ್ತವೆ, ಗಾರ್ಟರ್ ಹಾವು ತನ್ನ ನಾಡಿನಲ್ಲಿ ಕಪ್ಪೆ ತಿನ್ನುತ್ತದೆಂಬುದೂ ನಿಜ. ಆದರೂ ಹಿಡಿದು ಹಾಕಬೇಡಿ. ಕಾಡುಕಪ್ಪೆಯ ಹೊಟ್ಟೆಯಲ್ಲಿ ಪರೋಪಜೀವಿಗಳಿರುತ್ತವೆ. ಗೋವಾದಲ್ಲಿ ಪ್ರತಿ ಮಳೆಗಾಲ ಕಪ್ಪೆ ಹಿಡಿಯುವವರ ಮೇಲೆ ಅರಣ್ಯ ಇಲಾಖೆ ಕಣ್ಣಿಡುತ್ತದೆ, ಏಕೆಂದರೆ ಅದು ಕಾನೂನಿಗೆ ವಿರುದ್ಧ.

ಉತ್ತರ 4 – ಮುಲುಂಡ್, ಮುಂಬಯಿ

ಒಂದನ್ನು ಸೇರಿಸಬೇಕಿತ್ತು. ಎರಡೂ ಹಾವುಗಳು ಒಂದೇ ಪೆಟ್ಟಿಗೆಯಲ್ಲಿದ್ದರೆ ಊಟದ ಹೊತ್ತಿಗೆ ಬೇರೆ ಮಾಡಿ. ಒಂದೇ ಮೀನಿನ ಎರಡು ತುದಿ ಹಿಡಿದು ನುಂಗುತ್ತ ಬಂದರೆ ಒಂದು ಇನ್ನೊಂದರ ತಲೆಯನ್ನೇ ನುಂಗಿಬಿಡುತ್ತದೆ. ಹಾಗೆಯೇ ಹಾವುಗಳನ್ನು ವೈದ್ಯರಿಗೆ ತೋರಿಸುವಾಗ ಜಾತಿಯನ್ನೂ ಖಚಿತಪಡಿಸಿಕೊಳ್ಳಿ. ಸಾಮಾನ್ಯ ಗಾರ್ಟರ್ ಹಾವಿಗೆ ಬೆನ್ನ ನಡುವೆ ಒಂದು, ಪಕ್ಕಗಳಲ್ಲಿ ಒಂದೊಂದು, ಹೀಗೆ ಮೂರು ಗೆರೆಗಳಿರುತ್ತವೆ. ನಮ್ಮ ದೇಶದ ಬಫ್ ಸ್ಟ್ರೈಪ್ಡ್ ಕೀಲ್‌ಬ್ಯಾಕ್ ಹಾವಿಗೆ ಬೆನ್ನಿನ ಎರಡೂ ಬದಿ ಎರಡೇ ಗೆರೆ. ನಮ್ಮ ನೆಲದ ಹಾವುಗಳನ್ನು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿಷೇಧವಿದೆ.

ಪ್ರಶ್ನೆ ಕೇಳಿದವರು – ಕೋಥ್ರೂಡ್, ಪುಣೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ವೈದ್ಯರಲ್ಲಿಗೆ ಹೋಗಿ ಬಂದೆವು. ಎರಡಕ್ಕೂ ಮೂರು ಗೆರೆಗಳೇ ಇವೆ. ಚಿಕ್ಕದಕ್ಕೆ ಬಿ1 ಕೊರತೆಯೇ ಇರಬಹುದೆಂದು ಹೇಳಿ ಚುಚ್ಚುಮದ್ದು ಕೊಟ್ಟಿದ್ದಾರೆ, ಐದು ದಿನದ ನಂತರ ಮತ್ತೆ ಕರೆದಿದ್ದಾರೆ. ಉಳಿದ ಗೋಲ್ಡ್‌ಫಿಶ್‌ಗಳನ್ನು ಮಗ ಬೇರೆ ತೊಟ್ಟಿಯಲ್ಲಿ ಸಾಕುತ್ತೇನೆಂದು ಇಟ್ಟುಕೊಂಡಿದ್ದಾನೆ. ದೊಡ್ಡದಕ್ಕೆ ಪರಿಚಿತರೊಬ್ಬರ ಹಿತ್ತಲಿನಿಂದ ತಂದ ಬೂದು ಎರೆಹುಳುವನ್ನು ಮೇಲೆ ಹೇಳಿದಂತೆಯೇ ಒಂದು ದಿನ ಇಟ್ಟು, ತೊಳೆದು ಕೊಟ್ಟೆ. ಮೂರು ಹುಳುಗಳನ್ನು ತಿಂದು ಈಗ ಬೆಚ್ಚಗಿನ ಬದಿಯಲ್ಲಿ ಸುರುಳಿ ಸುತ್ತಿ ಮಲಗಿದೆ.